ಗೋಡೆಯಾಚೆ ಕೇಳಿದ ಕನ್ನಡ

ಅಮೆರಿಕಕ್ಕೆ ಹೋಗಿಬಂದವಳೆಂದು ತಿಳಿದವರು ನನ್ನನ್ನು ಮೊದಲು ಕೇಳುವುದು ಎತ್ತರದ ಕಟ್ಟಡಗಳ ಸುದ್ದಿ. ಅವನ್ನು ನಾನು ವಿಮಾನ ನಿಲ್ದಾಣದ ಗಾಜಿನೊಳಗಿಂದ ಒಂದು ಗಳಿಗೆ ನೋಡಿದ್ದೆ, ಅಷ್ಟೆ. ಉಳಿದ ಆರು ವಾರ ನಾನು ಕಂಡದ್ದು ಜೋಳದ ಹೊಲ, ಒಂದು ಶಾಲೆ, ಒಂದು ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಅಂಗಡಿಯ ಪಕ್ಕದ ಎರಡು ಕೋಣೆ. ಅಲ್ಲಿಂದ ಏನು ತಂದಿರಿ ಎಂದು ಕೇಳುವವರಿಗೆ ಪೆನ್ನು, ಚಾಕಲೇಟು ಎಂದು ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಾನು ತಂದದ್ದು ಹೊಟ್ಟೆಕಿಚ್ಚು. ಅದು ಹೇಗೆ ಹತ್ತಿತು ಎಂಬುದನ್ನೇ ಬರೆಯುತ್ತೇನೆ.

ಬೇವೂರು ಬಿಟ್ಟದ್ದು

ನಾನು ಕುಷ್ಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಎಂಬತ್ತರ ದಶಕದ ನಡುವೆ ರಾಯಚೂರಿನ ಒಂದು ಸೇವಾ ಸಂಘದವರು ಅಮೆರಿಕದ ತಮ್ಮಂಥದೇ ಸಂಘದ ಜೊತೆ ಪತ್ರ ನಡೆಸಿ, ಹಳ್ಳಿಗಾಡಿನ ಶಿಕ್ಷಕರೊಬ್ಬರನ್ನು ಅಲ್ಲಿಯ ಶಾಲೆ ನೋಡಲು ಕಳಿಸುವುದೆಂದು ಗೊತ್ತುಮಾಡಿದರು. ನನ್ನ ಹೆಸರು ಬಂತು. ಕೂಡಲೇ ಸಂಘದ ಹಿರಿಯರಿಗೆ ಚಿಂತೆ ಹತ್ತಿತು: ಲಗ್ನವಾದ ಹೆಣ್ಣುಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವುದು ಹೇಗೆ? ಇಲ್ಲಿಂದ ಪತ್ರ ಹೋಯಿತು, ಅಲ್ಲಿಂದ ಪತ್ರ ಬಂತು. ಗಂಡನೂ ಜೊತೆಗೆ ಬರಲಿ ಎಂದರು.

ನಮ್ಮವರಿಗೆ ಬರುವ ಮನಸ್ಸಿರಲಿಲ್ಲ. ಅವರು ಬೇವೂರಿನ ಒಕ್ಕಲು ಮನೆತನದವರು. ಹದಿನೈದು ವರ್ಷ ಫೌಜಿನಲ್ಲಿ ಆಂಬುಲೆನ್ಸ್ ಗಾಡಿ ಓಡಿಸಿದವರು, ಬಾಂಗ್ಲಾ ಯುದ್ಧಕ್ಕೂ ಹೋಗಿಬಂದವರು. ನಮ್ಮ ಲಗ್ನ ಯುದ್ಧದ ಮರುವರ್ಷ ಆಯಿತು. ಕುಡಿಯುವವರಲ್ಲ, ಕೈ ಎತ್ತುವವರಲ್ಲ, ಮಾತಾಡುವವರೂ ಅಲ್ಲ. ಪಿಂಚಣಿಯ ಮೇಲೆ ಊರಿಗೆ ಬಂದಾಗ ಕುಷ್ಟಗಿಯ ಒಂದು ಸರಕಾರಿ ಕಚೇರಿಯಲ್ಲಿ ಜೀಪಿನ ಡ್ರೈವರ್ ಕೆಲಸ ಕೊಡುತ್ತೇವೆ ಎಂದಿದ್ದರು. ಸ್ಟೇರಿಂಗ್ ಮುಟ್ಟುವುದಿಲ್ಲವೆಂದು ಹೇಳಿ, ಅದೇ ಕಚೇರಿಯಲ್ಲಿ ಜವಾನರಾದರು. ನಾನು ಎಂಟು ದಿನ ಮಾತು ಬಿಟ್ಟೆ. ಅದು ಅವರಿಗೆ ಗೊತ್ತಾಯಿತೋ ಇಲ್ಲವೋ, ದೇವರಿಗೇ ಗೊತ್ತು.

‘ಮೊದಲ ನಮ್ಮ ಹುಡುಗ ಭಾಳ ಮಾತಾಡ್ತಿದ್ದ ನೋಡವಾ, ಬಾಯಿ ಮುಚ್ಚತಿದ್ದಿಲ್ಲ’ ಎಂದು ನಮ್ಮತ್ತೆ ಆಗಾಗ ಹೇಳುತ್ತಿದ್ದರು. ನಾನು ಕಾಣದ ಆ ಮಾತುಗಾರನನ್ನು ಅವರು ಕಂಡಿದ್ದರಲ್ಲ ಎಂದು ಅತ್ತೆಯ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರು ಮಗನಿಗೆ ತಾಯತ ಕಟ್ಟಿಸಿದ್ದರು. ಕೊಪ್ಪಳದ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟಿದ್ದರು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಬೇರೆ ಮದ್ದು ಇರಲಿಲ್ಲ.

ಇಬ್ಬರು ಹೆಣ್ಣುಮಕ್ಕಳನ್ನು ಬೇವೂರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಹೊರಟೆವು. ‘ನಾ ಅಲ್ಲಿ ಬಂದು ಏನ್ ಮಾಡ್ಲಿ?’ ಎಂದು ನಮ್ಮವರು ಮುಂಬಯಿ ಮುಟ್ಟುವವರೆಗೆ ಮೂರು ಸಲ ಕೇಳಿದರು. ನ್ಯೂಯಾರ್ಕಿನಲ್ಲಿ ಪಾಸ್‌ಪೋರ್ಟು ನೋಡುವ ಅಧಿಕಾರಿಯ ಯೂನಿಫಾರ್ಮ್ ಕಂಡಕೂಡಲೇ ಹಿಮ್ಮಡಿ ಕೂಡಿಸಿ ಸೆಟೆದು ನಿಂತರು. ಆ ಮನುಷ್ಯ ನಗಲಿಲ್ಲ. ತಾನೂ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಮುದ್ರೆ ಒತ್ತಿದ.

ಕೆಂಪು ಜೋಳ

ನಾವು ಹೋದದ್ದು ಕನ್ಸಾಸ್ ಎಂಬ ರಾಜ್ಯದ ಒಂದು ಸಣ್ಣ ಊರಿಗೆ. ಅದು ನಮ್ಮ ಯಲಬುರ್ಗಿಯಷ್ಟೂ ಇರಲಿಲ್ಲ. ನಮಗೆ ಮನೆಯಲ್ಲಿ ಇಂಬು ಕೊಟ್ಟವರು ವೇಯ್ನ್ ಮತ್ತು ಪ್ಯಾಟಿ ಎಂಬ ಗಂಡ ಹೆಂಡತಿ. ವೇಯ್ನ್ ಹೊಲ ಮಾಡುತ್ತಿದ್ದ, ಪ್ಯಾಟಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಇಬ್ಬರಿಗೂ ನಮಗಿಂತ ಐದಾರು ವರ್ಷ ಕಡಿಮೆ.

ಮರುದಿನ ಮುಂಜಾನೆ ಕಿಟಕಿ ತೆರೆದರೆ ಎದುರಿಗೆ ಜೋಳ. ನಮ್ಮವರು ಚಪ್ಪಲಿ ಮೆಟ್ಟದೆ ಹೊರಗೆ ಹೋಗಿಬಿಟ್ಟರು. ಬೇವೂರಿನಲ್ಲಿ ಜೋಳದೊಳಗೆ ಹೊಕ್ಕ ಮನುಷ್ಯ ಕಾಣುವುದಿಲ್ಲ. ಅಲ್ಲಿಯದು ಸೊಂಟಕ್ಕೆ ಬರುತ್ತಿತ್ತು, ತೆನೆ ಇಟ್ಟಂಗಿಯ ಬಣ್ಣ. ಒಂದು ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಬಾಯಿಗೆ ಹಾಕಿಕೊಂಡು ನಿಂತರು. ಇದರ ರೊಟ್ಟಿ ಹೇಗಾಗುತ್ತದೆ ಎಂದು ನಾನು ವೇಯ್ನನನ್ನು ಕೇಳಿದೆ. ಅವನಿಗೆ ಪ್ರಶ್ನೆ ತಿಳಿಯಲಿಲ್ಲ. ಅದನ್ನೆಲ್ಲ ದನಗಳಿಗೆ ಹಾಕುತ್ತಾರಂತೆ.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ನಮ್ಮವರು, ‘ಪುಣ್ಯವಂತ ದನ ಅದಾವ ಬಿಡು’ ಎಂದರು. ಅವರು ತಮಾಷೆ ಮಾಡಿದ್ದು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಅಲ್ಲಿ ನನಗೆ ಎಲ್ಲದರ ಮೇಲೂ ಕಣ್ಣು ಬಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ಮಕ್ಕಳು ಪುಸ್ತಕವನ್ನು ಶಾಲೆಯಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದವು. ನನ್ನ ಒಂದು ತರಗತಿಯಲ್ಲಿ ಎಪ್ಪತ್ತು ಮಕ್ಕಳು ಎಂದಾಗ ಅಲ್ಲಿಯ ಟೀಚರು ನಾನು ತಪ್ಪು ಇಂಗ್ಲಿಷ್ ಹೇಳಿದೆನೆಂದುಕೊಂಡು ಪ್ರೀತಿಯಿಂದ ತಿದ್ದಿದಳು. ಇವೆಲ್ಲ ಸಣ್ಣ ಉರಿ. ನೀರು ಕುಡಿದರೆ ಆರುವಂಥವು.

ರೊಟ್ಟಿ ಸುಟ್ಟ ದಿನ

ಮೊದಲ ರವಿವಾರ ಮಧ್ಯಾಹ್ನ ನಾನೇ ಅಡುಗೆ ಮಾಡುತ್ತೇನೆಂದೆ. ಊರಿಂದ ತಂದ ಜೋಳದ ಹಿಟ್ಟಿತ್ತು. ಪ್ಯಾಟಿಯ ಕಬ್ಬಿಣದ ಬಾಣಲೆಯ ಮೇಲೆ ರೊಟ್ಟಿ ಹಾಕಿದೆ. ಒಲೆಯ ಉರಿ ನನ್ನ ಅಂದಾಜಿಗೆ ಸಿಗಲಿಲ್ಲ. ಎರಡನೆಯ ರೊಟ್ಟಿ ಹೊಗೆಯಾಡಿತು. ಅಷ್ಟರಲ್ಲಿ ಚಾವಣಿಗೆ ಅಂಟಿಸಿದ್ದ ಒಂದು ಬಿಳಿ ಡಬ್ಬಿ ಕಿವಿ ಹರಿಯುವಂತೆ ಕಿರುಚಲು ಹತ್ತಿತು. ಬೆಂಕಿ ಬಿದ್ದರೆ ಎಚ್ಚರಿಸಲು ಅಲ್ಲಿ ಮನೆಮನೆಗೂ ಅಂಥದೊಂದು ಇಟ್ಟಿರುತ್ತಾರೆಂದು ನನಗೇನು ಗೊತ್ತು.

ತಿರುಗಿ ನೋಡಿದರೆ ಊಟದ ಮೇಜಿನ ಹತ್ತಿರ ಯಾರೂ ಇರಲಿಲ್ಲ. ವೇಯ್ನ್ ಮೇಜಿನ ಕೆಳಗೆ ಮುದುಡಿಕೊಂಡಿದ್ದ. ನಮ್ಮವರು ಗೋಡೆಗೆ ಆತು ನೆಲಕ್ಕೆ ಮೈ ಹಚ್ಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದರು.

‘ಏಳ್ರಿ, ಏನೂ ಆಗಿಲ್ಲ, ಮಂದಿ ಮುಂದ ಇದೇನು?’ ಎಂದೆ ನಾನು. ನಾಚಿಕೆಯಾಗಿತ್ತು. ಊರಲ್ಲಿ ಲಗ್ನದ ಪಟಾಕಿಗೂ ಹೀಗೆ ಆಗುತ್ತಿತ್ತು, ಆಗಲೂ ನಾನು ಹೀಗೇ ಗದರಿಸುತ್ತಿದ್ದೆ.

ಪ್ಯಾಟಿ ಗದರಿಸಲಿಲ್ಲ. ಒಲೆ ಆರಿಸಿದಳು, ಡಬ್ಬಿಯ ಬಾಯಿ ಮುಚ್ಚಿಸಿದಳು, ಮೇಜಿನಿಂದ ಒಂದು ಮಾರು ದೂರ ನೆಲದ ಮೇಲೆ ಕೂತಳು. ಗಂಡನನ್ನು ಮುಟ್ಟದೆ, ದನಿ ಏರಿಸದೆ ಹೇಳಿದಳು: ಇದು ನಮ್ಮ ಅಡುಗೆಮನೆ, ಇವತ್ತು ರವಿವಾರ, ರೊಟ್ಟಿ ಸುಟ್ಟಿದೆ, ನಾನು ಇಲ್ಲಿದ್ದೇನೆ. ಮತ್ತೆ ಅದನ್ನೇ ಹೇಳಿದಳು. ಸ್ವಲ್ಪ ಹೊತ್ತಿಗೆ ವೇಯ್ನನ ಕೈ ಮೇಜಿನ ಕೆಳಗಿಂದ ತಾನಾಗಿ ಬಂದು ಅವಳ ಮೊಣಕಾಲಿನ ಮೇಲೆ ಕೂತಿತು.

ನಾನು ಸುಟ್ಟ ರೊಟ್ಟಿ ಹಿಡಿದುಕೊಂಡು ನೋಡುತ್ತ ನಿಂತೆ. ನಿಜವಾದ ಉರಿ ಹತ್ತಿದ್ದು ಆಗ. ಹನ್ನೆರಡು ವರ್ಷದ ಸಂಸಾರದಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಾಗಿರಲಿಲ್ಲ, ಅವಳಿಗೆ ಗೊತ್ತಿತ್ತು.

ಗಂಡಸರಿಬ್ಬರೂ ಎದ್ದು ಕೂತ ಮೇಲೆ ವೇಯ್ನ್ ನಮ್ಮವರನ್ನು ನೋಡಿ, ಎಲ್ಲಿ, ಎಂದು ಒಂದೇ ಮಾತು ಕೇಳಿದ. ನಮ್ಮವರು ತಮ್ಮ ಫೌಜಿನ ಇಂಗ್ಲಿಷಿನಲ್ಲಿ, ಈಸ್ಟ್, ಸೆವೆಂಟಿ ವನ್, ಎಂದರು. ವೇಯ್ನ್ ತಾನು ವಿಯೆಟ್ನಾಂ ಎಂದ. ಆಮೇಲೆ ಇಬ್ಬರೂ ನನ್ನ ಕರಿ ರೊಟ್ಟಿ ತಿಂದರು.

ಬಟ್ಟೆ ಒಗೆಯುವ ಅಂಗಡಿಯ ಪಕ್ಕ

ಹೀಗೆ ಮಾಡಲು ಯಾರು ಕಲಿಸಿದರು ಎಂದು ಪ್ಯಾಟಿಯನ್ನು ಕೇಳಿದೆ. ಕ್ಲಾಸಿಗೆ ಹೋಗುತ್ತೇವೆ ಎಂದಳು. ಅವಳು ನಗೆಯಾಡುತ್ತಾಳೆಂದುಕೊಂಡೆ.

ಯಂತ್ರಗಳಲ್ಲಿ ಬಟ್ಟೆ ಒಗೆದುಕೊಂಡು ಹೋಗುವ ಅಂಗಡಿಯೊಂದು ಆ ಊರಿನಲ್ಲಿತ್ತು. ಅದರ ಪಕ್ಕ ಎರಡು ಕೋಣೆ ಬಾಡಿಗೆ ಹಿಡಿದು, ಫೌಜಿನಿಂದ ಬಂದವರು ಮತ್ತೆ ಮನೆ ಸಂಸಾರಕ್ಕೆ ಹೊಂದಿಕೊಳ್ಳಲೆಂದು ಪ್ರತಿ ಶನಿವಾರ ಮಧ್ಯಾಹ್ನ ಅವರನ್ನು ಕೂಡಿಸುತ್ತಿದ್ದರು. ಆಸ್ಪತ್ರೆಯ ವಾಸನೆಯಿಲ್ಲ, ಬಿಳಿ ಕೋಟಿಲ್ಲ. ವೃತ್ತಾಕಾರದಲ್ಲಿ ಕುರ್ಚಿ, ಮೂಲೆಯಲ್ಲಿ ಕಾಫಿ. ನಡೆಸುವವನು ರೇ ಎಂಬ ಕುಂಟುಗಾಲಿನ ಮನುಷ್ಯ, ಅವನೂ ಮಾಜಿ ಸಿಪಾಯಿಯೇ. ಕೂದಲನ್ನು ಹಿಂದೆ ಹೆಂಗಸರಂತೆ ಕಟ್ಟಿಕೊಂಡಿದ್ದ. ಅಲ್ಲಿಯ ಕಟ್ಟಳೆ ಮೂರೇ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕಬಾರದು. ಎಷ್ಟು ಜನರನ್ನು ಕೊಂದೆ ಎಂದು ಯಾರೂ ಯಾರನ್ನೂ ಕೇಳಬಾರದು. ಒಳಗೆ ಆಡಿದ್ದು ಒಳಗೇ ಉಳಿಯಬೇಕು.

ಗಂಡಸರು ಒಂದು ಕೋಣೆಯಲ್ಲಿ, ಹೆಂಡಂದಿರು ಇನ್ನೊಂದರಲ್ಲಿ. ವೇಯ್ನ್ ಕರೆದನೆಂದು ನಮ್ಮವರು ಹೋದರು. ಪ್ಯಾಟಿಯ ಜೊತೆ ನಾನು ಹೋದೆ.

ಆ ಹೆಂಗಸರು ಗಂಡಂದಿರ ಹೆಸರು ಹಿಡಿದು ಮಾತಾಡುತ್ತಿದ್ದರು, ಬೈಯುತ್ತಿದ್ದರು, ಬೈದು ನಗುತ್ತಿದ್ದರು, ನಕ್ಕು ಅಳುತ್ತಿದ್ದರು. ಅಳುವವರಿಗೆಂದೇ ನಡುವೆ ಒಂದು ಕಾಗದದ ಕರವಸ್ತ್ರದ ಡಬ್ಬಿ. ನಮ್ಮಲ್ಲಿ ಅದಕ್ಕೆ ಸೆರಗೊಂದೇ ಗತಿ, ಅದೂ ಒಲೆಯ ಮುಂದೆ, ಹೊಗೆಯ ನೆವ ಮಾಡಿಕೊಂಡು. ನನ್ನ ಸರದಿ ಬಂದಾಗ ನಮ್ಮವರು ಆರಾಮ ಇದ್ದಾರೆ, ನನಗೇನೂ ತೊಂದರೆಯಿಲ್ಲ ಎಂದೆ. ಯಾರೂ ನಂಬಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಎರಡು ಶನಿವಾರ ನಮ್ಮವರು ಒಳಗೆ ಸುಮ್ಮನೆ ಕೂತು ಬಂದರು. ಎರಡನೆಯ ಸಲ ಮರಳುವಾಗ ದಾರಿಯಲ್ಲಿ ವೇಯ್ನ್, ಯುದ್ಧ ಮುಗಿದು ಊರಿಗೆ ಬಂದಾಗ ನಿಮಗೆ ಏನು ಮಾಡಿದರು ಎಂದು ಕೇಳಿದ. ಯಲಬುರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿದರು, ಹಲಗಿ ಬಾರಿಸಿದರು ಎಂದು ನಾನೇ ಹೇಳಿದೆ. ಹೂವಿನ ಹಾರವೇ ಎಂದು ವೇಯ್ನ್ ಮತ್ತೆ ಮತ್ತೆ ಕೇಳಿದ. ಅವನು ಬಂದಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದವಳು ಯೂನಿಫಾರ್ಮ್ ನೋಡಿ ಎದ್ದು ಬೇರೆ ಕಡೆ ಕೂತಳಂತೆ. ಅವನ ಮುಖದಲ್ಲಿ ಕಂಡದ್ದು ನನಗೆ ಚೆನ್ನಾಗಿ ಪರಿಚಯದ್ದು. ಅಂಥ ಕೋಣೆ, ಅಂಥ ಹೆಂಡತಿ ಇದ್ದೂ ಅವನಿಗೆ ನಮ್ಮ ಸೇವಂತಿಗೆ ಹಾರದ ಮೇಲೆ ಹೊಟ್ಟೆಕಿಚ್ಚು.

ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮವರು ನನಗೆ ಹೇಳಿದರು: ‘ಹಾರ ಹಾಕಿದ ಮ್ಯಾಲ ಎಷ್ಟು ಮಂದಿನ್ನ ಹೊಡದಿ ಅಂತ ಕೇಳಿದ್ರು, ಅದನೂ ಹೇಳು ಅವಗ. ನಾ ಗಾಡಿ ಹೊಡೆಯಾಂವ ಅಂದ್ರ ನಕ್ಕರು.’

ಹೇಳಿದೆ. ವೇಯ್ನ್ ಕನ್ನಡಿಯಲ್ಲಿ ನಮ್ಮವರನ್ನು ಒಮ್ಮೆ ನೋಡಿ, ಮತ್ತೆ ದಾರಿ ನೋಡಿದ.

ಮೂರನೆಯ ಶನಿವಾರ

ಆ ದಿನ ಹೆಂಗಸರ ಕೋಣೆಯಲ್ಲಿ ಯಾರೋ ಮಗನ ಶಾಲೆಯ ಸುದ್ದಿ ಹೇಳುತ್ತಿದ್ದಳು. ನಡುವೆ ಗೋಡೆಯಾಚೆಯಿಂದ ಒಂದು ದನಿ ಬಂತು. ಮಾತು ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳುತ್ತಿತ್ತು. ಕೊಪ್ಪಳದ ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡಿದಂಥ ಏರಿಳಿತ. ಊರು ಬಿಟ್ಟು ಬಹಳ ದಿನವಾಯಿತು, ಕಿವಿ ಏನೇನೋ ಕೇಳುತ್ತದೆ ಎಂದುಕೊಂಡು ಕಾಫಿ ಕುಡಿದೆ.

ಬುಧವಾರ ಸಂಜೆ ಪ್ಯಾಟಿ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು: ‘ಆ ಸಿಪಾಯಿ ನೀರು ಕೇಳಿದ್ದನ್ನು ಇಷ್ಟು ವರ್ಷ ಹೊತ್ತುಕೊಂಡೇ ಇದ್ದಾರಲ್ಲ ನಿಮ್ಮವರು. ನನಗೆ ಬಹಳ ಸಂಕಟವಾಯಿತು.’

ನಾನು ತಟ್ಟೆ ಒರೆಸುತ್ತ, ಹೌದು, ಎಂದೆ. ಎಲ್ಲ ಗೊತ್ತಿದ್ದವಳಂತೆ ಎಂದೆ. ಮತ್ತೆ ಒಂದೊಂದೇ ಮಾತು ಸೇರಿಸುತ್ತ, ನನಗೆ ಗೊತ್ತಿಲ್ಲದ್ದನ್ನು ಅವಳ ಬಾಯಿಂದಲೇ ಹೊರಡಿಸಿದೆ. ಹೊಟ್ಟೆಗೆ ಗುಂಡು ತಾಕಿದ ಒಬ್ಬ ಸಿಪಾಯಿಯನ್ನು ನಮ್ಮವರು ಗಾಡಿಯಲ್ಲಿ ಒಯ್ಯುತ್ತಿದ್ದರಂತೆ. ಹೊಟ್ಟೆಯ ಗಾಯದವರಿಗೆ ನೀರು ಕೊಡಬಾರದೆಂದು ಡಾಕ್ಟರರ ಅಪ್ಪಣೆ. ದಾರಿ ಕೆಟ್ಟು ಗಾಡಿ ನಿಂತಿತು. ಅವನು ನೀರು ಕೇಳುತ್ತಲೇ ಇದ್ದ. ಇವರ ಸೊಂಟದಲ್ಲಿ ತುಂಬಿದ ಬಾಟಲಿಯಿತ್ತು. ಅಪ್ಪಣೆ ಮೀರಲಿಲ್ಲ. ಅವನು ಕೇಳುತ್ತಲೇ ಸತ್ತ.

ನಮ್ಮ ಸಣ್ಣ ಮಗಳು ಊಟದ ನಡುವೆ ನೀರು ಕೇಳಿದರೆ ಇವರು ತಾಟು ಬಿಟ್ಟು ಎದ್ದು ಹೋಗುತ್ತಿದ್ದರು. ಹೆಣ್ಣು ಹುಟ್ಟಿದ್ದಕ್ಕೆ ಮಗುವಿನ ಮೇಲೆ ಸಿಟ್ಟು ಎಂದು ನಾನು ತಿಳಿದಿದ್ದೆ. ಬಾಯಿಬಿಟ್ಟು ಹಾಗೆ ಅಂದೂ ಇದ್ದೆ.

ಪ್ಯಾಟಿ ಮುಂದುವರಿಸಿದಳು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಹೇಳಿದ ನಮ್ಮವರು ಆಮೇಲೆ ತಡವರಿಸಿ ನಿಂತರಂತೆ. ನಿಮ್ಮ ಭಾಷೆಯಲ್ಲೇ ಹೇಳಿ ಎಂದು ರೇ ಹೇಳಿದನಂತೆ. ಅರ್ಧ ಗಂಟೆ ಹೇಳಿದರು. ಯಾರಿಗೂ ಒಂದು ಅಕ್ಷರ ತಿಳಿಯಲಿಲ್ಲ, ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಊರಿನಲ್ಲಿ, ಬಹುಶಃ ಆ ಇಡೀ ರಾಜ್ಯದಲ್ಲಿ, ಕನ್ನಡ ತಿಳಿಯುವ ಇನ್ನೊಂದು ಜೀವ ನಾನೊಬ್ಬಳೇ. ನಾನು ಗೋಡೆಯ ಈಚೆ ಕಾಫಿ ಕುಡಿಯುತ್ತಿದ್ದೆ.

ಒಳಗೆ ಆಡಿದ್ದನ್ನು ಹೊರಗೆ ತರಬಾರದಲ್ಲವೆ, ವೇಯ್ನ್ ನಿನಗೆ ಹೇಗೆ ಹೇಳಿದ ಎಂದು ಪ್ಯಾಟಿಯನ್ನು ಕೇಳಿದೆ. ಅವಳ ಕೈ ನಿಂತಿತು. ನನಗೆ ಇದು ಗೊತ್ತಿರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ರೇಗೆ ತಿಳಿಸಬೇಡ, ವೇಯ್ನನನ್ನು ಹೊರಗೆ ಹಾಕಿಯಾರು ಎಂದು ಬೇಡಿಕೊಂಡಳು. ತಿಳಿಸುವುದಿಲ್ಲ ಎಂದೆ. ಅವಳು ಬೇಡಿಕೊಂಡದ್ದು ನನಗೆ ಸಮಾಧಾನ ಕೊಟ್ಟಿತು. ಬರೆಯಲು ನಾಚಿಕೆ, ಆದರೆ ಕೊಟ್ಟಿತು.

ಹೊಲದಲ್ಲಿ

ಮರುದಿನ ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ನಮ್ಮವರು ಜೋಳ ಕೊಯ್ಯುವ ಯಂತ್ರವನ್ನು ನೋಡುತ್ತ ಹೊಲದ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತೆ. ನನಗೆ ಯಾಕೆ ಹೇಳಲಿಲ್ಲ ಎಂದು ನೇರ ಕೇಳಿದೆ. ಯಾರು ಹೇಳಿದರೆಂದೂ ಹೇಳಿದೆ.

ವೇಯ್ನನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ‘ಹೆಂಡ್ತಿಗೆ ಹೇಳ್ಯಾನ. ಅದರಾಗ ತಪ್ಪೇನೈತಿ?’ ಎಂದರು.

‘ಅವಗ ಹೆಂಡ್ತಿ ಅದಾಳ. ನಿಮಗ ಇಲ್ಲೇನು?’

ಯಂತ್ರ ಹೊಲದ ಆ ತುದಿ ಮುಟ್ಟಿ ತಿರುಗಿ ನಮ್ಮ ಕಡೆ ಬರಹತ್ತಿತು.

‘ಇವರು ನಾಳಿ ನನ್ನ ಕಣ್ಣಿಗೆ ಬೀಳೂದಿಲ್ಲ’ ಎಂದರು. ‘ನೀ ದಿನಾ ಇರ್ತಿ. ನಿನಗ ಹೇಳಿದ್ನೆಂದ್ರ, ನನಗ ನೀರಿನ ಚರಗಿ ಕೊಡುವಾಗೆಲ್ಲ ನಿನಗೂ ಅವ ನೆನಪಾಗ್ತಾನ. ನಮ್ಮ ಮನ್ಯಾಗ ಒಬ್ಬರರೆ ನೀರು ಬರೇ ನೀರು ಅಂತ ಕುಡೀಲಿ ಅಂದೆ.’

ಕನ್ನಡದಲ್ಲಿ ಅರ್ಧ ಗಂಟೆ ಏನು ಹೇಳಿದಿರಿ ಎಂದು ಕೇಳಿದೆ.

‘ಅವನ ಮಾರಿ ಹೆಂಗಿತ್ತು ಅಂತ ಹೇಳಿದೆ. ಇಂಗ್ಲಿಷಿನ್ಯಾಗ ಬರಲಿಲ್ಲ.’

ಇಷ್ಟೇ ಹೇಳಿದರು. ಆ ಮುಖ ಹೇಗಿತ್ತೆಂದು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮಗಳ ವಿಷಯಕ್ಕೆ ನಾನು ಅವರಿಗೆ ಅಂದ ಮಾತನ್ನು ನೆನೆಸಿ, ತಪ್ಪಾಯಿತು ಎಂದೆ. ಯಂತ್ರ ಹತ್ತಿರ ಬಂದು ಧೂಳು ಎಬ್ಬಿಸಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ. ನನ್ನ ತಲೆಯ ಮೇಲೆ ಬಿದ್ದ ಜೋಳದ ಹೊಟ್ಟನ್ನು ಕೈಯಿಂದ ಝಾಡಿಸಿದರು.

ಉಳಿದ ಶನಿವಾರಗಳಲ್ಲಿ ಅವರು ಒಳಗೆ ಹೋದರು, ನಾನು ಈಚೆ ಕೂತೆ. ಕೊನೆಯ ವಾರ ನನ್ನ ಸರದಿ ಬಂದಾಗ, ನಿಮ್ಮನ್ನೆಲ್ಲ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ ಎಂದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. ಪ್ಯಾಟಿ ಕರವಸ್ತ್ರದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ನಾನು ಒಂದು ಕಾಗದ ತೆಗೆದುಕೊಂಡೆ.

ಕುಷ್ಟಗಿ

ಊರಿಗೆ ಬಂದ ಮೇಲೆ ನಮ್ಮವರು ಮಾತುಗಾರರಾದರು ಎಂದು ಬರೆದರೆ ಕಥೆ ಚಂದವಾಗುತ್ತದೆ, ಆದರೆ ಹಾಗಾಗಲಿಲ್ಲ. ಮತ್ತೆ ಅದೇ ಮೌನ. ಆದರೆ ಒಂದು ರವಿವಾರ ಬಸ್ಸು ಹತ್ತಿ ಹನುಮಸಾಗರಕ್ಕೆ ಹೋದರು. ಅಲ್ಲಿ ಯಮನಪ್ಪನೆಂಬ ಮಾಜಿ ಸಿಪಾಯಿಯಿದ್ದ. ಜಗಳಗಂಟ ಎಂದು ಊರೆಲ್ಲ ಅವನನ್ನು ದೂರವಿಟ್ಟಿತ್ತು. ಮುಂದಿನ ವಾರ ಅವನೇ ಕುಷ್ಟಗಿಗೆ ಬಂದ. ನಮ್ಮ ಸೀಮೆಯದೇ ಸಿದ್ದಾಪುರದ ಭತ್ತದ ಗದ್ದೆಯ ಕಡೆಯಿಂದ ಇನ್ನೊಬ್ಬ ಬಂದ. ನಮ್ಮ ಮನೆ ಇಕ್ಕಟ್ಟು, ಎದುರಿಗೇ ಮಕ್ಕಳು. ನಾನು ಹೆಡ್‌ಮಾಸ್ತರರ ಹತ್ತಿರ ಹೋಗಿ ರವಿವಾರದ ಮಟ್ಟಿಗೆ ಒಂದು ತರಗತಿಯ ಕೀಲಿ ಕೇಳಿದೆ. ಯಾಕೆ ಎಂದರು. ಮಾಜಿ ಸೈನಿಕರು ಪಿಂಚಣಿ ಕಾಗದ ಬರೆಸಿಕೊಳ್ಳುತ್ತಾರೆ ಎಂದೆ. ಮಾತಾಡಲು ಬರುತ್ತಾರೆ ಎಂದಿದ್ದರೆ, ಮಾತಾಡಲು ಕಟ್ಟೆಯಿಲ್ಲವೇ ಎನ್ನುತ್ತಿದ್ದರು.

ಮೂವರೂ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತರು. ನಾನು ವರಾಂಡದಲ್ಲಿ, ಕಿಟಕಿಯ ಪಕ್ಕಕ್ಕೇ ಕುರ್ಚಿ ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದುತ್ತ ಕೂತೆ. ಕಿಟಕಿಗೆ ಗಾಜಿರಲಿಲ್ಲ, ಸರಳಷ್ಟೇ. ಒಳಗಿನ ಒಂದೊಂದು ಅಕ್ಷರವೂ ಕೇಳುತ್ತಿತ್ತು, ಅದೂ ನನ್ನ ಭಾಷೆಯಲ್ಲಿ. ಬೇಕೆಂದೇ ಅಲ್ಲಿ ಕೂತಿದ್ದೆ.

ಮೂರು ವಾರ ಅವರು ಎತ್ತಿನ ಸುದ್ದಿ, ಕಾಲುವೆಯ ಸುದ್ದಿ, ಫೌಜಿನ ಕ್ಯಾಂಟೀನಿನ ಸುದ್ದಿ ಮಾತಾಡಿದರು. ರೇಯಂಥವನು ಇಲ್ಲದೆ ಇವರಿಂದ ಇದು ಆಗುವುದಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನನಗೆ ಸಿಗದ್ದು ಈ ಬೆಂಚುಗಳಿಗೂ ಸಿಗಲಿಲ್ಲ ಎಂಬಂಥ ಕೆಟ್ಟ ಖುಷಿ.

ನಾಲ್ಕನೆಯ ವಾರ ಯಮನಪ್ಪ ಏನೋ ಹೇಳಲು ಹೋಗಿ ನಡುವೆಯೇ ನಿಲ್ಲಿಸಿದ. ಒಳಗೆ ಯಾರೂ ಬಾಯಿ ಹಾಕಲಿಲ್ಲ. ಆಗ ನಮ್ಮವರ ದನಿ ಬಂತು. ನನ್ನ ಜೊತೆ ಆಡುವ ದನಿಯಲ್ಲ ಅದು.

‘ನಾ ಮೊದಲ ಹೇಳ್ತೀನಿ ತಡಿ. ನನ್ನ ಗಾಡ್ಯಾಗ ಒಬ್ಬ ಇದ್ದ. ಅವನ ಮಾರಿ...’

ಕೈಯಲ್ಲಿದ್ದ ಪೆನ್ನು ನಿಂತಿತು. ಅಷ್ಟು ದೂರ ಹೋಗಿ ನಾನು ಕಳೆದುಕೊಂಡದ್ದು ಒಂದು ತೋಳಿನಳತೆಯಲ್ಲಿ, ಕಿಟಕಿಯ ಸರಳಿನಾಚೆ ಇತ್ತು. ಹೊಟ್ಟೆಯೊಳಗಿನ ಉರಿ ಕೇಳು ಎಂದಿತು. ಹೊಲದಂಚಿನಲ್ಲಿ ಅವರು ಯಾಕೆ ಹೇಳಲಿಲ್ಲವೆಂಬುದೂ ನನಗೆ ಗೊತ್ತಿತ್ತು.

ಪೇಪರಿನ ಕಟ್ಟನ್ನು ಕಂಕುಳಲ್ಲಿ ಹಿಡಿದೆ. ಕಾಲು ಕಿರ್ರೆನ್ನದಂತೆ ಕುರ್ಚಿ ಎತ್ತಿಕೊಂಡು ಮೈದಾನ ದಾಟಿ, ದನಿ ಕೇಳದಷ್ಟು ದೂರ ಒಯ್ದು ಇಟ್ಟು, ತರಗತಿಯ ಕಡೆ ಬೆನ್ನು ಮಾಡಿ ಕೂತೆ.